ತಾನೇ ಹೊಂದಿಕೊಳ್ಳುವ ನೀರಾವರಿ ಯಂತ್ರವನ್ನು ಪರೀಕ್ಷಿಸುವ ಕ್ರಮ

ಕುಕನೂರು, ಯಲಬುರ್ಗಾ, ಕುಷ್ಟಗಿ ಪ್ರಾಂತದ ಸಾಗುವಳಿಯು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುದು. ಇಲ್ಲಿ ಕೊಳವೆಬಾವಿಯನ್ನು ಆಶ್ರಯಿಸಿ ದಾಳಿಂಬೆ ಮುಂತಾದ ತೋಟಗಳನ್ನು ಮಾಡಿರುವವರಿಗೆ ಒಂದು ಕೊಡ ನೀರೂ ಬೆಲೆಯುಳ್ಳದ್ದು. ಆದುದರಿಂದ ಮಣ್ಣಿನ ತೇವವನ್ನು ತಾನೇ ಅಳೆದು, ಹನಿನೀರಾವರಿಯ ಕವಾಟವನ್ನು ತಾನೇ ತೆರೆದು ಮುಚ್ಚುವ ಗಣಕಯಂತ್ರಗಳಲ್ಲಿ ಭೂಮಾಲೀಕರಿಗೆ ಆಸಕ್ತಿಯುಂಟಾಗುವುದು ಸಹಜ. ಆದರೆ ಅಂಥ ಯಂತ್ರಕ್ಕೆ ತೋಟವನ್ನು ಒಪ್ಪಿಸುವುದಕ್ಕೆ ಮೊದಲು ಅದನ್ನು ಪರೀಕ್ಷಿಸುವ ಕ್ರಮವನ್ನು ಅರಿತಿರತಕ್ಕದ್ದು.

ತಾನಾಗಿಯೇ ನಡೆಯುವ ಯಂತ್ರವು ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಬಾಗಿಲು ತೆರೆಯುವುದು; ಇಳಿದರೆ ಮುಚ್ಚುವುದು. ಅದರ ನಿಯಮವು ಬದಲಾಗತಕ್ಕದ್ದಲ್ಲ. ಈಗಿನ ಕೆಲವು ತಂತ್ರಾಂಶಗಳಾದರೋ ತಮ್ಮ ನಿಯಮವನ್ನೇ ತಾವು ತಿದ್ದಿಕೊಳ್ಳುವುವು. 2003ರಲ್ಲಿ ಕೆಫಾರ್ಟ್ ಮತ್ತು ಚೆಸ್ ಎಂಬ ವಿಜ್ಞಾನಿಗಳು ವಿವರಿಸಿದಂತೆ, ನೋಡುವುದು, ವಿವೇಚಿಸುವುದು, ಯೋಜಿಸುವುದು, ನಡೆಸುವುದು ಎಂಬ ನಾಲ್ಕು ಕಾರ್ಯಗಳು ಇವುಗಳಲ್ಲಿ ಚಕ್ರದಂತೆ ಸುತ್ತುತ್ತಿರುವುವು. ಮುಂಗಾರಿನಲ್ಲಿ ಇಂತಿಷ್ಟು ಒಣಗಿದಾಗ ನೀರು ಬಿಟ್ಟ ಯಂತ್ರವು ಬೇಸಗೆಯಲ್ಲಿ ಬೇರೊಂದು ಮಿತಿಯನ್ನು ಗೊತ್ತುಮಾಡಿಕೊಳ್ಳಬಹುದು. ಆದುದರಿಂದ ಒಂದು ಕಾಲದಲ್ಲಿ ನಡೆಸಿದ ಪರೀಕ್ಷೆಯು ಮತ್ತೊಂದು ಕಾಲಕ್ಕೆ ಸಾಕಾಗದು.

ಪರೀಕ್ಷೆಗೆ ಒಂದೇ ಮಣ್ಣು, ಒಂದೇ ವಯಸ್ಸಿನ ಗಿಡಗಳುಳ್ಳ ಎರಡು ಸಮನಾದ ತಾಕುಗಳನ್ನು ಆರಿಸತಕ್ಕದ್ದು. ಒಂದನ್ನು ಯಂತ್ರಕ್ಕೂ ಮತ್ತೊಂದನ್ನು ಅನುಭವಿಯಾದ ಒಕ್ಕಲಿಗನ ಕೈಗೂ ಬಿಟ್ಟು, ಎರಡಕ್ಕೂ ನೀರಿನ ಮಾಪಕವನ್ನು ಜೋಡಿಸಬೇಕು. ಮಳೆಗಾಲ ಬೇಸಗೆಗಳೆರಡೂ ಸೇರುವಂತೆ ಒಂದು ವರ್ಷದ ಲೆಕ್ಕವನ್ನಿಟ್ಟು ಈ ಅಂಶಗಳನ್ನು ಗಮನಿಸತಕ್ಕದ್ದು:

1. ತೇವವು ಗೊತ್ತುಪಡಿಸಿದ ಮಿತಿಯೊಳಗೆ ಎಷ್ಟು ದಿನ ನಿಂತಿತು.
2. ಮಳೆ ಬಿದ್ದ ಮೇಲೆ ಎಷ್ಟು ಹೊತ್ತಿಗೆ ನೀರು ನಿಂತಿತು.
3. ಕವಾಟವು ಸ್ಥಿರವಾಗಿ ನಡೆಯಿತೇ, ಇಲ್ಲವೆ ಪದೇ ಪದೇ ತೆರೆದು ಮುಚ್ಚಿತೇ.
4. ನೀರು, ವಿದ್ಯುತ್ತು, ದುರಸ್ತಿಗಳ ಖರ್ಚೆಷ್ಟು, ಫಸಲೆಷ್ಟು.

ಇವೆಲ್ಲಕ್ಕಿಂತ ಮುಖ್ಯವಾದುದು ಕೇಡುಗಾಲದ ಪರೀಕ್ಷೆ. ಎರೆಭೂಮಿಯು ಒಣಗಿದಾಗ ಬಿರುಕು ಬಿಡುವುದು ಸರ್ವವಿದಿತ. ಬಿರುಕು ಸೆನ್ಸರಿನ ಮಗ್ಗುಲಲ್ಲಿಯೇ ಬಿದ್ದರೆ, ಅದು ಮಣ್ಣಿಗೆ ಬದಲಾಗಿ ಗಾಳಿಯನ್ನು ಅಳೆದು, ನೆಲವು ಇರುವುದಕ್ಕಿಂತ ಹೆಚ್ಚು ಒಣಗಿದೆಯೆಂದು ತೋರಿಸುವುದು. ನೀರು ಉಪ್ಪಾಗಿದ್ದರೆ ಕೆಲವು ಬಗೆಯ ಸೆನ್ಸರುಗಳು ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುವುವು. ತಪ್ಪು ಅಳತೆಯನ್ನು ನಿಜವೆಂದು ನಂಬಿ ತನ್ನ ನಿಯಮವನ್ನು ತಿದ್ದಿಕೊಂಡ ಯಂತ್ರವು ಬಾವಿಯನ್ನು ಬರಿದುಮಾಡಬಹುದು, ಇಲ್ಲವೆ ಗಿಡವನ್ನು ಬಾಡಿಸಬಹುದು. ತೇವದ ಏರಿಳಿತದಿಂದ ದಾಳಿಂಬೆಯ ಕಾಯಿ ಬಿರಿಯುವುದೂ ಉಂಟು.

ಆದುದರಿಂದ ಒಂದು ದಿನ ಬೇಕೆಂದೇ ಸೆನ್ಸರನ್ನು ಮಣ್ಣಿನಿಂದ ಕಿತ್ತು ನೋಡಬೇಕು. ಮತ್ತೊಂದು ದಿನ ವಿದ್ಯುತ್ತನ್ನು, ಇನ್ನೊಂದು ದಿನ ಮೊಬೈಲ್ ಸಂಪರ್ಕವನ್ನು ತಪ್ಪಿಸಿ ನೋಡಬೇಕು. ಉತ್ತಮವಾದ ಯಂತ್ರವು ಅಳತೆಯು ಸಂಶಯಾಸ್ಪದವೆಂದು ಕಂಡೊಡನೆ ಮೊದಲೇ ಗೊತ್ತುಮಾಡಿದ ವೇಳಾಪಟ್ಟಿಗೆ ಮರಳಿ, ಯಜಮಾನನಿಗೆ ಸುದ್ದಿ ಕಳುಹಿಸುವುದು. ಕೈಯಿಂದ ತಿರುಗಿಸಬಹುದಾದ ಕವಾಟವೂ ಇರಲೇಬೇಕು. ಒಂದು ಅಂಗ ಕೆಟ್ಟರೆ ಏನಾಗುವುದೆಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾದುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋಯಿತು.

ಕಡೆಯದಾಗಿ, ಯಂತ್ರವು ತನ್ನ ನಿಯಮವನ್ನು ಎಂದು, ಏಕೆ, ಎಷ್ಟು ಬದಲಾಯಿಸಿತೆಂಬ ಲಿಖಿತ ದಾಖಲೆಯು ಕನ್ನಡದಲ್ಲಿ ದೊರೆಯುವಂತಿರಬೇಕು. ತಿಂಗಳಿಗೊಮ್ಮೆ ಅದನ್ನು ಓದಿ, ಹೊಲದಲ್ಲಿ ಒಂದು ಗೇಣು ಅಗೆದು, ಹಿಡಿಮಣ್ಣನ್ನು ಹಿಸುಕಿ ಎರಡನ್ನೂ ಹೋಲಿಸತಕ್ಕದ್ದು. ಊರಿನ ಹಿರಿಯರು ಇಂಥ ಒಂದು ತಾಕನ್ನು ಮೊದಲು ಪರೀಕ್ಷಿಸಿ, ಅದರ ಲೆಕ್ಕವನ್ನು ಎಲ್ಲರ ಮುಂದಿಟ್ಟರೆ, ಸಣ್ಣ ಹಿಡುವಳಿದಾರನು ಸಾಲಮಾಡಿ ಮೋಸಹೋಗುವುದು ತಪ್ಪುವುದು.