ಗಾಳಿ ಬಂದಾಗ ತೂರಿಕೋ, ನಿಂತಾಗ?



ಕಣದಲ್ಲಿ ಜೋಳದ ರಾಶಿ ಬಿದ್ದಿದೆ; ಗಾಳಿಯಿಲ್ಲ. ಒಕ್ಕಲಿಗನು ಮೊರ ಕೆಳಗಿಟ್ಟು ಕಾಯುತ್ತಾನೆ. ಗಾಳಿಯಿಂದ ವಿದ್ಯುತ್ತು ತೆಗೆಯುವವರಿಗೆ ಹೀಗೆ ಕಾಯುವ ಅನುಕೂಲವಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಹಗೇವಿನ ಜೋಳದಂತೆ ಕೂಡಿಡಲು ಬಾರದು. ಹುಟ್ಟಿದ ಕ್ಷಣವೇ ಅದು ಖರ್ಚಾಗಬೇಕು. ಹುಟ್ಟುವಳಿಯೂ ಖರ್ಚೂ ಸರಿತೂಗಿದರೆ ಅದು ಸೆಕೆಂಡಿಗೆ ೫೦ ಆವರ್ತನದಂತೆ ಓಡುತ್ತದೆ. ತೂಕ ತೀರ ತಪ್ಪಿದರೆ ಕೆಲವು ಊರುಗಳ ಲೈನು ಕಡಿಯಬೇಕಾಗುತ್ತದೆ.

ಗಾಳಿಯಂತ್ರಗಳು ಗದಗ, ಚಿತ್ರದುರ್ಗದ ಗುಡ್ಡಗಳ ಮೇಲಿವೆ. ನಾರಾಯಣಪೇಟ, ಮಕ್ತಲಗಳಿಗೇನು ಸಂಬಂಧ ಎನ್ನಬಹುದು. ಸಂಬಂಧವುಂಟು. ದಕ್ಷಿಣದ ರಾಜ್ಯಗಳ ತಂತಿಗಳೆಲ್ಲ ಒಂದೇ ಜಾಲ. ೨೦೧೩ರ ಡಿಸೆಂಬರ್ ೩೧ರಂದು ನಮ್ಮ ನೆರೆಯ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋದ ೭೬೫ ಕಿಲೋವೋಲ್ಟಿನ ಲೈನು ಆ ಜಾಲವನ್ನು ಇಡೀ ದೇಶದ ಜಾಲಕ್ಕೆ ಕೂಡಿಸಿತು. ಗದುಗಿನ ಗಾಳಿಯಂತ್ರವೂ ಗದ್ವಾಲದ ಪಂಪುಸೆಟ್ಟೂ ಈಗ ಒಂದೇ ತಕ್ಕಡಿಯಲ್ಲಿವೆ.

ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಬಲ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ದಿನವನ್ನು ೧೫ ನಿಮಿಷಗಳ ೯೬ ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ವಿದ್ಯುತ್ತು ಬಂದೀತೆಂದು ಗಾಳಿಯಂತ್ರದವರು ಮುಂದಾಗಿಯೇ ತಿಳಿಸಬೇಕು. ಅಂದಾಜು ತಪ್ಪಿದಾಗ ಕೊರತೆ ತುಂಬುವವರು ಬೇರೆ. ಶಕ್ತಿನಗರದ ಕಲ್ಲಿದ್ದಲ ಘಟಕ ಆರಿದ್ದರೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. ಗದ್ವಾಲದ ಬಳಿಯ ಜೂರಾಲಾದಲ್ಲಿ ೩೯ ಮೆಗಾವಾಟಿನ ೬ ಯಂತ್ರಗಳಿವೆ. ನೀರಿದ್ದರೆ ಕೆಲವೇ ನಿಮಿಷಗಳಲ್ಲಿ ತಿರುಗುತ್ತವೆ.

ತೊಡಕು ಇಲ್ಲಿಯೇ ಇದೆ. ಗಾಳಿಯೂ ಕೃಷ್ಣೆಯ ನೆರೆಯೂ ಮುಂಗಾರಿನಲ್ಲಿ ಜೊತೆಯಾಗಿ ಬರುತ್ತವೆ. ಯಾಸಂಗಿ ಭತ್ತಕ್ಕೆ ಪಂಪು ಓಡಬೇಕಾದ ಮಾಘ-ಫಾಲ್ಗುಣದಲ್ಲಿ ಎರಡೂ ಕಡಿಮೆ. ಆಗ ತಕ್ಕಡಿ ಸರಿಪಡಿಸುವ ಕೆಲಸದಲ್ಲಿ ನಮ್ಮ ಪಾಲೂ ಇದೆ.

ತೆಲಂಗಾಣದಲ್ಲಿ ೨೦೧೮ರ ಜನವರಿ ೧ರಿಂದ ಬೇಸಾಯಕ್ಕೆ ೨೪ ಗಂಟೆಯ ವಿದ್ಯುತ್ತು ಜಾರಿಗೆ ಬಂದಾಗ ಆಟೋ ಸ್ಟಾರ್ಟರ್ ತೆಗೆಯಿರಿ ಎಂದು ಸರಕಾರ ಕೇಳಿಕೊಂಡಿತ್ತು. ಕಾರಣ ಸರಳವಾದುದು. ಲೈನು ಬಂದೊಡನೆ ಎಲ್ಲರ ಮೋಟಾರೂ ಒಮ್ಮೆಗೇ ಹೊರಟರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ; ಅದು ರಿಪೇರಿಯಾಗಿ ಬರುವಷ್ಟರಲ್ಲಿ ಮಡಿ ಒಣಗುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನ ರೈತರು ಕೂಡಿ ಮಾತಾಡಿ ಸರದಿ ಇಟ್ಟುಕೊಳ್ಳಿರಿ. ಬಿಸಿಲಿನ ವಿದ್ಯುತ್ತು ಹೇರಳವಾಗಿರುವ ಹಗಲಿನಲ್ಲಿ ನೀರು ಹಾಯಿಸಿರಿ. ಊರೆಲ್ಲ ದೀಪ ಹಚ್ಚುವ ಸಂಜೆ ಪಂಪು ನಿಲ್ಲಿಸಿರಿ. ಮೋಟಾರಿಗೆ ತಕ್ಕ ಕೆಪಾಸಿಟರ್ ಹಾಕಿಸಿರಿ; ತಂತಿಯ ಮೇಲಿನ ಹೊರೆ ತಗ್ಗುತ್ತದೆ.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಗಾಳಿ ನಿಂತಾಗ ಸರದಿ ಕಾಯುವುದನ್ನು ನಾವೇ ಕಲಿಯಬೇಕಾಗಿದೆ.