ಹೊಸ ವಿಂಡೋಸ್‌ನಲ್ಲಿ ಹಳೆಯ ಪೇಜ್‌ಮೇಕರ್

ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಸಂಸ್ಥೆಯಿಂದ ಮೆಕಿಂತೋಷ್ ಕಂಪ್ಯೂಟರಿಗಾಗಿ ಹೊರಬಂದು, 1994ರಲ್ಲಿ ಅಡೋಬಿ ಸಂಸ್ಥೆಯ ಕೈಸೇರಿ, 2001ರ 7.0 ಆವೃತ್ತಿಗೆ ತನ್ನ ಬೆಳವಣಿಗೆಯನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಇಂಡಿಸೈನ್ ಬಂದು ಎರಡು ದಶಕಗಳೇ ಕಳೆದರೂ, ಕರ್ನಾಟಕದ ಡಿಟಿಪಿ ಕೇಂದ್ರಗಳಲ್ಲಿ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಕರಪತ್ರಗಳು ಪೇಜ್‌ಮೇಕರಿನಲ್ಲಿ ಸಿದ್ಧವಾಗುವುದು ಪೂರ್ತಿ ನಿಂತಿಲ್ಲ. ಇದನ್ನು ಹೊಸತಕ್ಕೆ ಒಗ್ಗದವರ ಹಟವೆಂದು ಭಾವಿಸುವುದು ಸರಿಯಲ್ಲ. ಇದರ ಮೂಲ ಕಾರಣ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಕ್ರಮದಲ್ಲಿದೆ.

ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಪೇಜ್‌ಮೇಕರ್ ಆ ಶಿಷ್ಟತೆಯನ್ನು ಅರಿಯದೆ, 256 ಸಂಖ್ಯೆಗಳ ಮಿತಿಯೊಳಗೇ ಉಳಿಯಿತು. ಆದುದರಿಂದ ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಆಸ್ಕಿ ಫಾಂಟುಗಳು, ಅಂದರೆ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ ಅಕ್ಷರವಿನ್ಯಾಸಗಳು, ಕನ್ನಡ ಮುದ್ರಣದ ಆಧಾರವಾದವು. ಫಾಂಟನ್ನು ತೆಗೆದುಬಿಟ್ಟರೆ ಅದೇ ಕಡತದಲ್ಲಿ ಉಳಿಯುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು.

ಪೇಜ್‌ಮೇಕರ್ 7.0, ಸ್ಮೃತಿಯನ್ನು 32 ಬಿಟ್‌ಗಳ ವಿಳಾಸದಿಂದ ಗುರುತಿಸುವ ತಲೆಮಾರಿನದು. ವಿಂಡೋಸ್ 11 ಕೇವಲ 64 ಬಿಟ್‌ಗಳದಾಗಿದ್ದರೂ, ಹಳೆಯ 32 ಬಿಟ್ ತಂತ್ರಾಂಶಗಳಿಗೆಂದು ಒಂದು ಮಧ್ಯಸ್ಥ ಪದರವನ್ನು ಉಳಿಸಿಕೊಂಡಿರುವುದರಿಂದ ಪೇಜ್‌ಮೇಕರ್ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಇನ್ನೂ ಹಿಂದಿನ 16 ಬಿಟ್ ತಂತ್ರಾಂಶಗಳಿಗೆ ಆ ಭಾಗ್ಯವೂ ಇಲ್ಲ. ತೊಡಕು ಆರಂಭವಾಗುವುದು ತೆರೆದ ಮೇಲೆಯೇ. 2007ರಲ್ಲಿ ಬಂದ ವಿಂಡೋಸ್ ವಿಸ್ತಾ, ತಂತ್ರಾಂಶಗಳು ತಮ್ಮ ಸ್ಥಾಪನೆಯ ಫೋಲ್ಡರಿನಲ್ಲಿ ಮನಬಂದಂತೆ ಬರೆಯುವುದನ್ನು ತಡೆದು, ಅಂಥ ಬರಹವನ್ನು ಬಳಕೆದಾರನ ಬೇರೊಂದು ಫೋಲ್ಡರಿಗೆ ತಿರುಗಿಸುವ ವ್ಯವಸ್ಥೆಯನ್ನು ತಂದಿತು. ಇದರಿಂದ ಗಲಿಬಿಲಿಗೊಳ್ಳುವ ಹಳೆಯ ತಂತ್ರಾಂಶಗಳನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಸುವುದು ರೂಢಿಯ ಪರಿಹಾರವಾಯಿತು. ಕನ್ನಡದ ಮಟ್ಟಿಗೆ ಈ ಪರಿಹಾರವೇ ಹೊಸ ಪೇಚನ್ನು ತರಬಲ್ಲದು. ನುಡಿಯಂಥ ಕೀಲಿಮಣೆಯ ತಂತ್ರಾಂಶವು ಬೆರಳಚ್ಚನ್ನು ನಡುವೆಯೇ ಹಿಡಿದು, ಅದಕ್ಕೆ ತಕ್ಕ ಅಕ್ಷರಭಾಗಗಳ ಸಂಖ್ಯೆಗಳನ್ನು ಪುಟಕ್ಕೆ ಕಳುಹಿಸುವಂಥದು. ಆದರೆ ಕಡಿಮೆ ಅಧಿಕಾರದ ತಂತ್ರಾಂಶವೊಂದು ಹೆಚ್ಚಿನ ಅಧಿಕಾರದಲ್ಲಿರುವುದಕ್ಕೆ ಕೀಲಿಗಳನ್ನು ಕಳುಹಿಸುವುದನ್ನು ವಿಸ್ತಾದಿಂದ ಈಚಿನ ವಿಂಡೋಸ್ ಒಪ್ಪುವುದಿಲ್ಲ. ಪೇಜ್‌ಮೇಕರ್ ಮಾತ್ರ ಅಡ್ಮಿನಿಸ್ಟ್ರೇಟರ್ ಆಗಿ, ನುಡಿ ಸಾಮಾನ್ಯ ಅಧಿಕಾರದಲ್ಲಿಯೇ ಉಳಿದರೆ, ಬೇರೆಡೆ ಸರಿಯಾಗಿ ಮೂಡುವ ಕನ್ನಡ ಪೇಜ್‌ಮೇಕರಿನಲ್ಲಿ ಮೂಡದಿರುವುದು ಇದರಿಂದಲೇ. ಫಾಂಟನ್ನು ಮತ್ತೆ ಮತ್ತೆ ಸ್ಥಾಪಿಸುವುದರಿಂದ ಇಲ್ಲಿ ಏನೂ ಸಿದ್ಧಿಸದು. ಎರಡೂ ತಂತ್ರಾಂಶಗಳನ್ನು ಒಂದೇ ಅಧಿಕಾರದಲ್ಲಿ ನಡೆಸಬೇಕು.

ಮುದ್ರಕದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಪೇಜ್‌ಮೇಕರ್ ತನ್ನ ಸಾಲುಗಳನ್ನು ಗೊತ್ತುಪಡಿಸಿದ ಮುದ್ರಕವೊಂದನ್ನು ಲಕ್ಷ್ಯದಲ್ಲಿಟ್ಟು ಜೋಡಿಸುವುದರಿಂದ, ಬೇರೆ ಮುದ್ರಕವಿರುವ ಕಂಪ್ಯೂಟರಿನಲ್ಲಿ ಹಳೆಯ ಕಡತವನ್ನು ತೆರೆದಾಗ ಪುಟಗಳನ್ನು ಮರುಜೋಡಿಸಬೇಕೇ ಎಂದು ಕೇಳುತ್ತದೆ. ಅವಸರದಲ್ಲಿ ಒಪ್ಪಿದರೆ ಸಾಲುಗಳು ಬೇರೆಡೆ ಮುರಿದು, ಪರಿವಿಡಿಯ ಪುಟಸಂಖ್ಯೆಗಳೂ ತಪ್ಪಬಹುದು. ಪಿಡಿಎಫ್ ಮಾಡುವಾಗಲೂ ಅದು ಪುಟವನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಭಾಷೆಗೆ ಇಳಿಸಿ, ಅದನ್ನು ಪಿಡಿಎಫ್ ಆಗಿಸುವ ಡಿಸ್ಟಿಲರ್ ಎಂಬ ತಂತ್ರಾಂಶಕ್ಕೆ ಒಪ್ಪಿಸುವುದರಿಂದ, ತಕ್ಕ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಇಲ್ಲದಿದ್ದರೆ ಆ ಕೆಲಸವೂ ನಿಲ್ಲುತ್ತದೆ.

ಇವೆಲ್ಲವನ್ನೂ ಒಮ್ಮೆಗೇ ತಪ್ಪಿಸುವ ದಾರಿ ವರ್ಚುವಲ್ ಮಷೀನ್, ಅಂದರೆ ಹೊಸ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರು. ಅದರಲ್ಲಿ ಪರವಾನಗಿಯುಳ್ಳ ವಿಂಡೋಸ್ ಎಕ್ಸ್‌ಪಿಯನ್ನು ಸ್ಥಾಪಿಸಿದರೆ ಪೇಜ್‌ಮೇಕರ್ ತನ್ನ ಕಾಲದಲ್ಲೇ ಇರುತ್ತದೆ. ಎಕ್ಸ್‌ಪಿಗೆ ಸುರಕ್ಷತಾ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿರುವ ಕಾರಣ ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡದಿರುವುದು ಲೇಸು. ಆದರೂ ಹಳೆಯ ಪುಸ್ತಕಗಳ ಪಠ್ಯವನ್ನು ಹೊರತೆಗೆಯುವುದಕ್ಕಷ್ಟೇ ಇದು ಯೋಗ್ಯವಾದ ಏರ್ಪಾಡು. ಹುಡುಕಲು ಬಾರದ, ಜಾಲತಾಣಕ್ಕೆ ಏರದ ಆಸ್ಕಿಯಲ್ಲಿ ಹೊಸ ಗ್ರಂಥವನ್ನು ಇಂದೂ ಜೋಡಿಸುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಹೊರತೆಗೆಯುವ ಕೆಲಸವೂ ಸಲೀಸಲ್ಲ. 2015ರ ಲಿಬ್ರೆ ಆಫೀಸ್ 4.4ರಿಂದ ಪೇಜ್‌ಮೇಕರ್ ಕಡತಗಳನ್ನು ಉಚಿತವಾಗಿ ತೆರೆಯಬಹುದಾದರೂ ಸಂಖ್ಯೆಗಳು ಆಸ್ಕಿಯವೇ ಆಗಿರುತ್ತವೆ. ಅವುಗಳನ್ನು ಯೂನಿಕೋಡಿಗೆ ತರಲು ಪರಿವರ್ತಕ ಬೇಕು. ‘ಕರ್ಮ’ ಎಂಬ ಪದದಲ್ಲಿ ಆಸ್ಕಿ ಫಾಂಟು ಕಣ್ಣಿಗೆ ಕಾಣುವಂತೆ ಕ, ಮ ಆದಮೇಲೆ ಅರ್ಕಾವೊತ್ತನ್ನು ಇಡುತ್ತದೆ, ಯೂನಿಕೋಡ್ ಉಚ್ಚಾರಣೆಯಂತೆ ರಕಾರವನ್ನು ಮಕಾರಕ್ಕೆ ಮೊದಲೇ ಇಡುತ್ತದೆ. ಹೀಗಾಗಿ ಪರಿವರ್ತಕವು ಸಂಖ್ಯೆಗಳನ್ನು ಬದಲಿಸುವುದರ ಜೊತೆಗೆ ಅವುಗಳ ಕ್ರಮವನ್ನೂ ತಿದ್ದಬೇಕಾಗುತ್ತದೆ. ಪಠ್ಯದ ನಡುವಿನ ಇಂಗ್ಲಿಷ್ ಪದಗಳೂ ಅದೇ ಸಂಖ್ಯೆಗಳನ್ನು ಬಳಸುವುದರಿಂದ, ಯಾವ ತುಣುಕು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿಯನ್ನು ಬಿಟ್ಟು ಬರಿಯ ಪಠ್ಯವನ್ನಷ್ಟೇ ನಕಲಿಸಿದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ತಿಳಿದು ಕೆಡಿಸುತ್ತದೆ, ಆಮೇಲೆ ಕರಡು ತಿದ್ದುವವರು ಮೂಲ ಪುಸ್ತಕದ ಅಚ್ಚಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪದವನ್ನೂ ಸರಿಪಡಿಸಬೇಕಾಗುತ್ತದೆ.