ಎಚ್‌ಎಎಲ್ ಅಂಗಳದ ಹೆಲಿಕಾಪ್ಟರ್: ಏನು ನೋಡಬೇಕು, ಹೇಗೆ ಹೋಗಬೇಕು?

ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗ, ಭದ್ರಾವತಿಯ ಮಕ್ಕಳಿಗೆ ವಿಮಾನ ಅಪರೂಪವಲ್ಲ. ಹೆಲಿಕಾಪ್ಟರ್ ಮಾತ್ರ ಇನ್ನೂ ದೂರದ ವಸ್ತು. ಚುನಾವಣೆ ಕಾಲದಲ್ಲಿ ಮೈದಾನಕ್ಕೆ ಇಳಿಯುತ್ತದೆ, ದೂಳೆಬ್ಬಿಸುತ್ತದೆ. ಹತ್ತಿರ ಹೋಗಲು ಪೊಲೀಸರು ಬಿಡುವುದಿಲ್ಲ. ಸೇನೆಯ ಹೆಲಿಕಾಪ್ಟರನ್ನು ನಿಧಾನವಾಗಿ ಸುತ್ತು ಹಾಕಿ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂಗೆ ಹೋಗಿ. 2001ರ ಆಗಸ್ಟ್‌ನಲ್ಲಿ ತೆರೆದ ಈ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಾರುತ್, ಕಿರಣ್, ಮಿಗ್-21 ವಿಮಾನಗಳ ಜೊತೆಗೆ ಎಎಲ್‌ಎಚ್ ಹೆಲಿಕಾಪ್ಟರಿನ ಒಂದು ಪ್ರೋಟೊಟೈಪ್ ಇದೆ.

ಪ್ರೋಟೊಟೈಪ್ ಎಂದರೆ ಸೇನೆಗೆ ಕೊಡುವ ಮುನ್ನ ಪರೀಕ್ಷೆಗೆಂದೇ ಕಟ್ಟಿದ ಮೂಲಮಾದರಿ. ಎಎಲ್‌ಎಚ್ ಎಂದರೆ ಅಡ್ವಾನ್ಸ್‌ಡ್ ಲೈಟ್ ಹೆಲಿಕಾಪ್ಟರ್, ಸುಧಾರಿತ ಹಗುರ ಹೆಲಿಕಾಪ್ಟರ್. ಸೇನೆಗೆ ಸೇರುವ ಹೊತ್ತಿಗೆ ಇದಕ್ಕೆ ಧ್ರುವ ಎಂಬ ಹೆಸರಾಯಿತು. ಮೂಲಮಾದರಿ ಎಂದಾಕ್ಷಣ 'ಯುದ್ಧ ಕಾಣದ ಯಂತ್ರವನ್ನು ನೋಡುವುದೇನು?' ಎನಿಸಬಹುದು. ನನ್ನ ಅಭಿಪ್ರಾಯದಲ್ಲಿ ನೋಡಬೇಕಾದದ್ದು ಇದನ್ನೇ. ಹೆಲಿಕಾಪ್ಟರ್ ಮಾಡುವುದನ್ನು ನಮ್ಮವರು ಕಲಿತದ್ದು ಇಂಥ ಯಂತ್ರಗಳ ಮೇಲೆ.

ಅದಕ್ಕೂ ಮೊದಲು ಎಚ್‌ಎಎಲ್ ಪರವಾನಗಿ ಪಡೆದು ಫ್ರಾನ್ಸಿನ ವಿನ್ಯಾಸಗಳನ್ನು ತಯಾರಿಸುತ್ತಿತ್ತು. ಚೇತಕ್, ಚೀತಾ ಎರಡೂ ಹಾಗೆ ಬಂದವು. ಎರಡಕ್ಕೂ ಇರುವುದು ಒಂದೇ ಎಂಜಿನ್. ಸೇನೆಗೆ ಎರಡು ಎಂಜಿನ್‌ನ, ಹೆಚ್ಚು ಜನರನ್ನು ಹೊರುವ, ಹಿಮಾಲಯದ ಎತ್ತರಕ್ಕೆ ಏರುವ ಹೆಲಿಕಾಪ್ಟರ್ ಬೇಕಿತ್ತು. 1984ರಲ್ಲಿ ಎಂಬಿಬಿ ಎಂಬ ಜರ್ಮನ್ ಕಂಪನಿಯ ನೆರವಿನೊಂದಿಗೆ ವಿನ್ಯಾಸದ ಕೆಲಸ ಶುರುವಾಯಿತು. ಮೊದಲ ಮೂಲಮಾದರಿ 1992ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ಹಾರಿತು. ಸೇನೆಯ ಕೈಗೆ ಹೆಲಿಕಾಪ್ಟರ್ ಸೇರಿದ್ದು 2002ರಲ್ಲಿ.

ಹಾರಿದ ಮೇಲೂ ಹತ್ತು ವರ್ಷ ಯಾಕೆ? ಹಣದ ಅಡಚಣೆ ಒಂದು, ಸೇನೆಯ ಬೇಡಿಕೆಗಳು ಬದಲಾಗುತ್ತಿದ್ದದ್ದು ಇನ್ನೊಂದು. ದೊಡ್ಡ ಪೆಟ್ಟು ಬಿದ್ದದ್ದು ಎಂಜಿನ್ ವಿಷಯದಲ್ಲಿ. ಅಮೆರಿಕದ ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸುವ ಯೋಜನೆ ಇತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆಯಿತು, ಅಮೆರಿಕ ನಿರ್ಬಂಧ ಹೇರಿತು, ಆ ಎಂಜಿನ್ ಬರುವುದು ನಿಂತಿತು. ಫ್ರಾನ್ಸಿನ ಟರ್ಬೊಮೆಕಾ ಕಂಪನಿಯ ಎಂಜಿನ್‌ನಲ್ಲೇ ಮುಂದುವರಿಯಬೇಕಾಯಿತು. ಮುಂದೆ ಅದೇ ಕಂಪನಿಯ ಜೊತೆ ಸೇರಿ 'ಶಕ್ತಿ' ಎಂಬ ಇನ್ನೂ ಬಲವಾದ ಎಂಜಿನ್ ಸಿದ್ಧವಾಯಿತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಎಂಜಿನ್‌ಗೂ ರೆಕ್ಕೆಗಳಿಗೂ ಸಿಗುವ ಗಾಳಿ ಕಡಿಮೆಯಾಗುತ್ತದೆ. ಸಿಯಾಚಿನ್‌ನಲ್ಲಿ ಹೊರೆ ಹೊತ್ತು ಹಾರಲು ಶಕ್ತಿ ಎಂಜಿನ್ ಬೇಕಾದದ್ದು ಇದಕ್ಕೇ.

ಈಗ ಯಂತ್ರದ ಹತ್ತಿರ ಬನ್ನಿ. ಎಲ್ಲರ ಕಣ್ಣೂ ಮೊದಲು ಪೈಲಟ್ ಕೂರುವ ಕಡೆ ಹೋಗುತ್ತದೆ. ನೀವು ತಲೆ ಎತ್ತಿ ರೋಟರ್ ನೋಡಿ, ಅಂದರೆ ಮೇಲೆ ತಿರುಗುವ ನಾಲ್ಕು ಬ್ಲೇಡ್‌ಗಳ ಚಕ್ರ. ಇದರ ವ್ಯಾಸ 13.2 ಮೀಟರ್. ಪ್ರತಿ ಬ್ಲೇಡೂ ಒಂದು ತೆಳ್ಳನೆಯ ರೆಕ್ಕೆ. ವಿಮಾನದ ರೆಕ್ಕೆಗೆ ಗಾಳಿ ಸಿಗಬೇಕಾದರೆ ಇಡೀ ವಿಮಾನ ಮುಂದಕ್ಕೆ ಓಡಬೇಕು. ಇಲ್ಲಿ ರೆಕ್ಕೆ ಮಾತ್ರ ಸುತ್ತುತ್ತದೆ, ಯಂತ್ರ ನಿಂತಲ್ಲೇ ಮೇಲೇಳುತ್ತದೆ. ಎಂಜಿನ್‌ನ ವೇಗ ಬಹಳ ಹೆಚ್ಚು. ಗೇರ್‌ಬಾಕ್ಸ್ ಅದನ್ನು ತಗ್ಗಿಸಿ ರೋಟರನ್ನು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗಿಸುತ್ತದೆ.

ಏರುವಾಗ ಪೈಲಟ್ ರೋಟರಿನ ವೇಗ ಹೆಚ್ಚಿಸುತ್ತಾನೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ, ಬದಲಾಗುವುದು ಬ್ಲೇಡ್‌ಗಳ ಓರೆ. ನಾಲ್ಕೂ ಬ್ಲೇಡ್‌ಗಳ ಓರೆ ಒಟ್ಟಿಗೆ ಹೆಚ್ಚಿದರೆ ಹೆಲಿಕಾಪ್ಟರ್ ಮೇಲೇರುತ್ತದೆ. ಸುತ್ತಿನ ಒಂದು ಬದಿಯಲ್ಲಿ ಹೆಚ್ಚು, ಎದುರು ಬದಿಯಲ್ಲಿ ಕಡಿಮೆ ಮಾಡಿದರೆ ರೋಟರ್ ವಾಲುತ್ತದೆ, ಯಂತ್ರ ವಾಲಿದ ಕಡೆಗೆ ಸಾಗುತ್ತದೆ. ಇದನ್ನು ಮಾಡುವ ಭಾಗ ಸ್ವಾಶ್‌ಪ್ಲೇಟ್. ಒಂದರ ಮೇಲೊಂದು ಕೂತ ಎರಡು ತಟ್ಟೆಗಳ ಜೋಡಣೆ ಅದು. ಕೆಳಗಿನದು ತಿರುಗುವುದಿಲ್ಲ, ಪೈಲಟ್‌ನ ಕೈಯ ಹಿಡಿಕೆಗಳ ಚಲನೆಗೆ ತಕ್ಕಂತೆ ಏರಿಳಿಯುತ್ತದೆ, ವಾಲುತ್ತದೆ. ಮೇಲಿನದು ರೋಟರ್ ಜೊತೆ ತಿರುಗುತ್ತಾ ಆ ಚಲನೆಯನ್ನು ಬ್ಲೇಡ್‌ಗಳಿಗೆ ಮುಟ್ಟಿಸುತ್ತದೆ. ಬಾಲದ ಚಿಕ್ಕ ರೋಟರಿನ ಕೆಲಸ ಬೇರೆ. ದೊಡ್ಡ ರೋಟರ್ ಒಂದು ಕಡೆ ತಿರುಗಿದರೆ ಯಂತ್ರದ ಮೈ ಎದುರು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ರೋಟರ್.

ಭದ್ರಾವತಿಯವರು ಖಂಡಿತ ಕೇಳುವ ಪ್ರಶ್ನೆ ಒಂದಿದೆ: ಈ ರೋಟರಿನ ತಲೆ ಯಾವ ಉಕ್ಕಿನದು? 1923ರಿಂದ ಕಬ್ಬಿಣ ಕರಗಿಸಿದ, ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾದ ಊರಿಗೆ ಉತ್ತರ ಅಚ್ಚರಿ ತರಬಹುದು. ಬ್ಲೇಡ್‌ಗಳನ್ನು ಹಿಡಿದಿರುವ ನಕ್ಷತ್ರಾಕಾರದ ಎರಡು ಫಲಕಗಳು ಕಾರ್ಬನ್ ಫೈಬರ್ ಕಾಂಪೋಸಿಟ್‌ನವು, ಅಂದರೆ ಇಂಗಾಲದ ನಾರನ್ನು ರಾಳದಲ್ಲಿ ಕೂಡಿಸಿ ಗಟ್ಟಿ ಮಾಡಿದ ವಸ್ತು. ಹಳೆಯ ಹೆಲಿಕಾಪ್ಟರ್‌ಗಳಲ್ಲಿ ಬ್ಲೇಡ್ ಮೇಲೆ ಕೆಳಗೆ ಆಡಲು ಕೀಲುಗಳಿದ್ದವು. ಇಲ್ಲಿ ಅವಿಲ್ಲ, ಕಾಂಪೋಸಿಟ್ಟೇ ಬಾಗಿ ಮತ್ತೆ ನೇರವಾಗುತ್ತದೆ. ನಮ್ಮ ಅಡಕೆ ತೋಟಗಳಲ್ಲಿ ಈಗ ಬಳಸುವ ಕಾರ್ಬನ್ ಫೈಬರ್ ದೋಟಿ ಎತ್ತರಕ್ಕೆ ಚಾಚಿದಾಗ ಹೇಗೆ ಬಾಗುತ್ತದೆ, ಮುರಿಯುವುದಿಲ್ಲ, ನೋಡಿದ್ದೀರಲ್ಲ. ಗುಣ ಅದೇ. ಕೀಲು ಹೋದರೆ ಎಣ್ಣೆ ಹಾಕುವ, ಸವೆತ ನೋಡುವ ಕೆಲಸ ಅಷ್ಟಷ್ಟೇ ಕಡಿಮೆ.

ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆಯೇ? ಮಕ್ಕಳಿಗಿಂತ ದೊಡ್ಡವರಿಗೇ ಈ ಅನುಮಾನ ಹೆಚ್ಚು. ಧ್ರುವದಲ್ಲಿ ಎರಡು ಎಂಜಿನ್ ಇವೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಹಾರಾಟ ಮುಂದುವರಿಸಬಹುದು. ಎರಡೂ ನಿಂತರೂ ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿ ರೋಟರನ್ನು ತಿರುಗಿಸುತ್ತಲೇ ಇರುತ್ತದೆ. ಇದಕ್ಕೆ ಆಟೋರೊಟೇಶನ್ ಎನ್ನುತ್ತಾರೆ. 1972ರಲ್ಲಿ ಫ್ರಾನ್ಸಿನ ಪೈಲಟ್ ಜಾನ್ ಬುಲೆ, ನಮ್ಮ ಚೀತಾದ ಮೂಲವಾದ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು. ಹೀಗೆಯೇ ಇಳಿದು ಬದುಕಿಬಂದರು.

ಹಾಗೆಂದು ಅಪಾಯವಿಲ್ಲ ಎನ್ನಲಾಗದು. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಸತ್ತರು. ತನಿಖೆಯಲ್ಲಿ ಸ್ವಾಶ್‌ಪ್ಲೇಟ್ ಮುರಿದಿದ್ದು ಕಂಡುಬಂತು. ಸೇನಾಪಡೆಗಳ 300ಕ್ಕೂ ಹೆಚ್ಚು ಧ್ರುವಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಿ ಪರೀಕ್ಷಿಸಬೇಕಾಯಿತು. ಅಂಗಳದಲ್ಲಿ ನಿಂತು ಮಕ್ಕಳಿಗೆ ಆ ಭಾಗವನ್ನು ವಿವರಿಸುವಾಗ ಇದನ್ನೂ ಹೇಳಿ. ಹಿಮದಲ್ಲಿ, ಸಮುದ್ರದ ಮೇಲೆ, 2013ರ ಉತ್ತರಾಖಂಡ ಪ್ರವಾಹದಲ್ಲಿ ಜನರನ್ನು ಎತ್ತಿ ತಂದದ್ದೂ ಇದೇ ಹೆಲಿಕಾಪ್ಟರ್. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕಸರತ್ತು ತೋರುವ ಸಾರಂಗ್ ತಂಡದ್ದೂ ಇವೇ. ಪ್ರಚಂಡ ಎಂಬ ದಾಳಿ ಹೆಲಿಕಾಪ್ಟರ್ ಹುಟ್ಟಿದ್ದೂ ಇದರಿಂದಲೇ.

ಹೋಗುವ ದಾರಿ ಸುಲಭ. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ. ಜನಶತಾಬ್ದಿಯಂಥ ರೈಲುಗಳಿವೆ, ರಾತ್ರಿ ರೈಲು, ಬಸ್ಸೂ ಇವೆ. ರೈಲು ಭದ್ರಾವತಿ, ಬೀರೂರು, ಅರಸೀಕೆರೆ ದಾಟಿ ಗುಬ್ಬಿ ಕಡೆಯಿಂದಲೇ ಸಾಗುತ್ತದೆ. ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಗಿದೆ. ಆದರೆ ಅದು ಪ್ರವಾಸಿ ತಾಣವಲ್ಲ.

ವಸ್ತುಸಂಗ್ರಹಾಲಯ ಇರುವುದು ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ, ಮಾರತ್ತಹಳ್ಳಿಗೆ ಹೋಗುವ ದಾರಿ. ಮೆಜೆಸ್ಟಿಕ್‌ನಿಂದ 335 ಸರಣಿಯ ಬಿಎಂಟಿಸಿ ಬಸ್ಸುಗಳು ಆ ರಸ್ತೆಯಲ್ಲಿ ಹೋಗುತ್ತವೆ. ಮೆಟ್ರೊ ಬೇಕಾದರೆ ನೇರಳೆ ಮಾರ್ಗದಲ್ಲಿ ಇಂದಿರಾನಗರದಲ್ಲಿ ಇಳಿದು ಆಟೋ ಹಿಡಿಯಿರಿ. ಖರ್ಚಿನಲ್ಲಿ ದೊಡ್ಡ ಪಾಲು ಪ್ರಯಾಣದ್ದೇ. ಪ್ರವೇಶ ಶುಲ್ಕ ಕುಟುಂಬಕ್ಕೆ ಹೊರೆಯಾಗುವಷ್ಟಿಲ್ಲ. ಹಾರಾಟದ ಅನುಭವ ಕೊಡುವ ಸಿಮ್ಯುಲೇಟರ್‌ಗೆ ಬೇರೆ ಟಿಕೆಟ್. ದರವೂ ಸಮಯವೂ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಶಾಲೆಯ ತಂಡವಾದರೆ ಮೊದಲೇ ಪತ್ರ ಬರೆಯುವುದು ಒಳ್ಳೆಯದು. ಹೆಲಿಕಾಪ್ಟರ್, ವಿಮಾನಗಳು ಬಯಲಿನಲ್ಲಿರುವುದರಿಂದ ಬೇಸಿಗೆಯಲ್ಲಿ ಮಧ್ಯಾಹ್ನ ತಪ್ಪಿಸಿ.

ಚೇತಕ್ ನೋಡುವ ಆಸೆಯಿದ್ದರೆ ಗೋವಾ ಪ್ರವಾಸಕ್ಕೆ ಹೋದಾಗ ದಾಬೋಲಿಂ ವಿಮಾನ ನಿಲ್ದಾಣದ ಬಳಿ, ಬೋಗ್‌ಮಾಲೋದಲ್ಲಿರುವ ನೌಕಾ ವಾಯುಯಾನ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ರಷ್ಯಾದ ಕಾಮೋವ್ ಹೆಲಿಕಾಪ್ಟರೂ ಇದೆ. ಸೋಮವಾರ ಮಾತ್ರ ಬೇಡ, ಅಂದು ಅದಕ್ಕೆ ರಜೆ.